ಹಳೆ ಮನೆ ನವೀಕರಣಕ್ಕೆ ಮುಂಚೆ ಪಾಯ, ಮಣ್ಣು, ಬಿರುಕು: ಮೈಸೂರು–ಮಂಡ್ಯ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ನವೀಕರಣ ಅಂದ ತಕ್ಷಣ ಟೈಲ್ಸ್, ಅಡುಗೆಮನೆ ಕಪಾಟು, ಬಣ್ಣ ಇವೇ ನೆನಪಿಗೆ ಬರುತ್ತವೆ. ಪಾಯದ ಮಾತು ಬರುವುದು ಗೋಡೆ ಬಿರುಕು ಬಿಟ್ಟಾಗ, ಇಲ್ಲವೇ ಮೇಲೊಂದು ಮಹಡಿ ಹಾಕಬೇಕು ಅಂದಾಗ. ಸೈಟಿಗೆ ಹೋದರೆ ಮನೆಯವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಲೆಕ್ಕಗಳೆಲ್ಲ ಅಂದಾಜು ತಿಳಿಯಲಿ ಅಂತ ಕೊಟ್ಟಿದ್ದು. ನಿಮ್ಮ ಮನೆಯ ಡಿಸೈನ್‌ಗೆ ನಿಮ್ಮ ಸೈಟಿನ ಮಣ್ಣೇ ಆಧಾರ.

ಗೋಡೆ ಬಿರುಕು ಬಿಟ್ಟಿದೆ. ಪಾಯ ಕುಸಿದಿದೆಯಾ?

ಎಲ್ಲ ಬಿರುಕೂ ಪಾಯದ್ದಲ್ಲ. ಗಾರೆ ಮೇಲೆ ಬಲೆಯ ಹಾಗೆ ಹರಡಿರುವ ಕೂದಲೆಳೆ ಗೆರೆಗಳು ಗಾರೆ ಒಣಗುವಾಗ ಬಂದಿದ್ದು. ತಾರಸಿಯ ಕೆಳಗೆ ಗೋಡೆಯ ಉದ್ದಕ್ಕೂ ಅಡ್ಡ ಗೆರೆ ಬಂದಿದ್ದರೆ ಅದು ಸಾಮಾನ್ಯವಾಗಿ ಬಿಸಿಲಿನ ಕೆಲಸ. ಸ್ಲ್ಯಾಬ್ ಹಿಗ್ಗಿ ಕುಗ್ಗಿ ಗೋಡೆಯನ್ನು ಎಳೆದಿರುತ್ತದೆ. ಕಾಂಕ್ರೀಟ್ ಕಾಲಂ ಮತ್ತು ಇಟ್ಟಿಗೆ ಗೋಡೆ ಸೇರುವ ಕಡೆ ನೇರ ಗೆರೆ ಬಂದರೆ ಎರಡು ಬೇರೆ ಬೇರೆ ವಸ್ತು ಸರಿಯಾಗಿ ಕಚ್ಚಿಕೊಂಡಿಲ್ಲ ಅಂತ.

ಪಾಯದ ಬಿರುಕು ಓರೆಯಾಗಿ ಓಡುತ್ತದೆ. ಕಿಟಕಿಯ ಮೂಲೆಯಿಂದ ಹೊರಟು, ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತದೆ. ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಣ್ಣ. ಮೇಲೆ ಅಗಲವಾಗಿದ್ದರೆ ಗೋಡೆಯ ತುದಿ, ಅಂದರೆ ಮನೆಯ ಮೂಲೆ, ಕೆಳಗಿಳಿದಿರಬಹುದು. ಕೆಳಗೆ ಅಗಲವಾಗಿದ್ದರೆ ನಡುಭಾಗ ಇಳಿದಿರಬಹುದು. ಜೊತೆಗೆ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದೆಯಾ, ಕಿಟಕಿ ಚಿಲಕ ಕೂರುತ್ತಿಲ್ಲವಾ, ಸ್ಕರ್ಟಿಂಗ್ ಮತ್ತು ನೆಲದ ನಡುವೆ ಸಂದು ಬಿಟ್ಟಿದೆಯಾ ನೋಡಿ. ಇವೆಲ್ಲ ಒಂದೇ ಮೂಲೆಯಲ್ಲಿ ಸೇರಿದ್ದರೆ ಮೊದಲು ಆ ಮೂಲೆಯ ಹೊರಗಡೆಗೆ ಹೋಗಿ. ತಾರಸಿ ನೀರಿನ ಪೈಪು ಅಲ್ಲೇ ಬುಡಕ್ಕೆ ಸುರಿಯುತ್ತಿರುತ್ತದೆ, ಹತ್ತರಲ್ಲಿ ಆರೇಳು ಸಲ ಅಂದರೂ ತಪ್ಪಾಗಲಾರದು.

ಬಿರುಕು ಇನ್ನೂ ಬೆಳೆಯುತ್ತಿದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಇದು ಗೊತ್ತಾಗದೆ ಯಾವ ರಿಪೇರಿಗೂ ಕೈ ಹಾಕಬೇಡಿ. ಹಳೆಯ ಉಪಾಯ ಈಗಲೂ ಚೆನ್ನಾಗಿ ನಡೆಯುತ್ತದೆ. ಬಿರುಕಿನ ಎರಡೂ ಕಡೆಯ ಗಾರೆಯನ್ನು ಸ್ವಲ್ಪ ಕೆತ್ತಿ, ಗಟ್ಟಿ ಇಟ್ಟಿಗೆ ಕಾಣುವ ಹಾಗೆ ಮಾಡಿ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಸಿಮೆಂಟ್ ಮೆತ್ತಿ ಕೂರಿಸಿ. ಪಕ್ಕದಲ್ಲಿ ತಾರೀಖು ಬರೆಯಿರಿ. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಗಾರೆಯ ಮೇಲೇ ಅಂಟಿಸಿದರೆ ಗಾರೆ ಕಿತ್ತು ಬರುತ್ತದೆ, ಗಾಜು ಹಾಗೇ ಇರುತ್ತದೆ, ಏನೂ ಆಗಿಲ್ಲ ಅಂತ ನಾವು ಮೋಸ ಹೋಗುತ್ತೇವೆ.

ಬಿರುಕಿನ ತುದಿ ಎಲ್ಲಿ ನಿಂತಿದೆಯೋ ಅಲ್ಲಿ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಖು ಹಾಕಿ. ತಿಂಗಳಿಗೊಮ್ಮೆ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒಂದು ಬೇಸಿಗೆ, ಒಂದು ಮಳೆಗಾಲ ಎರಡೂ ಕಳೆಯಬೇಕು. ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗಾಲದಲ್ಲಿ ಮುಚ್ಚಿಕೊಳ್ಳುವ ಬಿರುಕಾದರೆ ಕೆಳಗೆ ಜೇಡಿ ಅಥವಾ ಕಪ್ಪು ಮಣ್ಣು ಇರುವ ಅನುಮಾನ ಪಡಬೇಕು. ಒಂದೇ ದಿಕ್ಕಿಗೆ ಬೆಳೆಯುತ್ತಲೇ ಹೋದರೆ ಪಾಯ ಇಳಿಯುತ್ತಿದೆ. ವರ್ಷಗಟ್ಟಲೆ ಹಾಗೇ ಇದ್ದರೆ ಅದು ಮುಗಿದ ಕಥೆ, ಹೆದರಬೇಕಿಲ್ಲ.

ಮಣ್ಣು ಎಷ್ಟು ಕುಸಿದರೆ ಪರವಾಗಿಲ್ಲ?

ಕಟ್ಟಿದ ಮನೆ ಎಲ್ಲವೂ ಸ್ವಲ್ಪ ಇಳಿಯುತ್ತದೆ. ಇಡೀ ಮನೆ ಒಂದೇ ಸಮ ಇಳಿದರೆ ತೊಂದರೆ ಕಡಿಮೆ. ಒಂದು ಮೂಲೆ ಇಳಿದು ಇನ್ನೊಂದು ನಿಂತರೆ ಗೋಡೆ ಸೀಳುತ್ತದೆ.

ಪಾಯಗಳ ಬಗ್ಗೆ ನಮ್ಮ ದೇಶದ ಮಾನಕ ಐಎಸ್ 1904. ಅದರ 1986ರ ಆವೃತ್ತಿಯ ಪ್ರಕಾರ ಕಾಲಂ–ಬೀಮ್ ಇರುವ ಕಾಂಕ್ರೀಟ್ ಕಟ್ಟಡದ ಬಿಡಿ ಫೂಟಿಂಗ್ (ಒಂದೊಂದು ಕಾಲಂ ಕೆಳಗೆ ಬೇರೆ ಬೇರೆಯಾಗಿ ಹಾಕುವ ಅಗಲವಾದ ತಳ) ಮರಳು ಅಥವಾ ಗಟ್ಟಿ ಜೇಡಿಯ ಮೇಲೆ ಒಟ್ಟು 50 ಮಿ.ಮೀ., ಮೆತ್ತನೆ ಜೇಡಿಯ ಮೇಲೆ 75 ಮಿ.ಮೀ. ಇಳಿಯಬಹುದು. ಆದರೆ ಪಕ್ಕಪಕ್ಕದ ಕಾಲಂಗಳ ನಡುವಿನ ವ್ಯತ್ಯಾಸ ಅವುಗಳ ಅಂತರದ 0.0015 ಪಾಲು ದಾಟಬಾರದು. 4 ಮೀಟರ್ ಅಂತರಕ್ಕೆ 6 ಮಿ.ಮೀ. ಇಟ್ಟಿಗೆ ಗೋಡೆಯೇ ಭಾರ ಹೊರುವ ಕಟ್ಟಡಕ್ಕೆ ಇನ್ನೂ ಬಿಗಿ: ಉದ್ದಕ್ಕಿಂತ ಎತ್ತರ ತೀರ ಕಡಿಮೆ ಇಲ್ಲದ ಗೋಡೆಗೆ 4000ದಲ್ಲಿ ಒಂದು ಪಾಲು. ಅಂದರೆ 4 ಮೀಟರ್ ಗೋಡೆಗೆ ಬರೀ 1 ಮಿ.ಮೀ. ಹಳೆಯ ಮನೆಗಳ ಗೋಡೆ ಇಷ್ಟು ಬೇಗ ಬಿರುಕು ಬಿಡುವುದಕ್ಕೆ ಕಾರಣ ಇದೇ.

ಒಂದು ವಿಶೇಷ ಇದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ಸಿಮೆಂಟ್ ಗೋಡೆಗಿಂತ ಜಾಸ್ತಿ ತಾಳಿಕೊಳ್ಳುತ್ತದೆ. ನಿಧಾನವಾಗಿ ಇಳಿದರೆ ಸಂದುಗಳು ಹೊಂದಿಕೊಳ್ಳುತ್ತವೆ. ಅಂಥ ಗೋಡೆಯ ಬಿರುಕಿಗೆ ಗಟ್ಟಿ ಸಿಮೆಂಟ್ ತುಂಬಿದರೆ ಅದರ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಸರಿ.

ಮನೆ ಕಟ್ಟಿ ಎಷ್ಟೋ ವರ್ಷ ಆದ ಮೇಲೆ ಕುಸಿಯೋದು ಯಾಕೆ?

ಮರಳು, ಗರಸು ಮಣ್ಣು ಭಾರ ಬಿದ್ದ ಕೂಡಲೇ ಇಳಿದು ಮುಗಿಸುತ್ತದೆ. ಗೋಡೆ ಏಳುವಾಗಲೇ ಆಗಿಬಿಡುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ನೀರು ತುಂಬಿದ ಜೇಡಿ ಹಾಗಲ್ಲ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗು ಹಾಕಿದಾಗ ನೀರು ತೊಟ್ಟು ತೊಟ್ಟಾಗಿ ಇಳಿದು ಗಂಟು ಕುಗ್ಗುವ ಹಾಗೆ, ಭಾರಕ್ಕೆ ಸಿಕ್ಕ ಜೇಡಿಯ ನೀರು ಮೆಲ್ಲಗೆ ಹಿಂಡಿ ಹೋಗುತ್ತದೆ, ಮಣ್ಣು ಕುಗ್ಗುತ್ತದೆ. ಜೇಡಿಯ ಪದರ ಎರಡು ಪಟ್ಟು ದಪ್ಪ ಇದ್ದರೆ ಸಮಯ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬೇಕು.

ಇದಲ್ಲದೆ ಎಷ್ಟೋ ವರ್ಷ ಸುಮ್ಮನಿದ್ದ ಪಾಯ ಹೊಸದಾಗಿ ಅಲುಗಲು ಹೊಸ ಕಾರಣ ಬೇಕು. ಒಡೆದ ಚರಂಡಿ ಪೈಪು, ಸೋರುವ ಸಂಪು, ಪಕ್ಕದಲ್ಲಿ ತೋಡಿದ ಗುಂಡಿ, ಮೇಲೆ ಸೇರಿಸಿದ ಮಹಡಿ, ಕಡಿದ ದೊಡ್ಡ ಮರ. ಇವುಗಳಲ್ಲಿ ಯಾವುದು ಅಂತ ಪತ್ತೆ ಮಾಡಿದರೆ ಅರ್ಧ ಕೆಲಸ ಆದ ಹಾಗೆ.

ಮೈಸೂರು ಮಣ್ಣು ಗಟ್ಟಿ, ಟೆಸ್ಟ್ ಯಾಕೆ ಅಂತಾರಲ್ಲ?

ಬಹಳ ಕಡೆ ಗಟ್ಟಿ, ನಿಜ. ಇಲ್ಲಿಯ ಕೆಂಪು ಮಣ್ಣು ಅಡಿಯಲ್ಲಿರುವ ಬಂಡೆ ಸವೆದು ಆಗಿದ್ದು. ಮೂರು ನಾಲ್ಕು ಅಡಿ ತೋಡಿದರೆ ಗರಸು ಸಿಗುವ ಜಾಗಗಳು ಬೇಕಾದಷ್ಟಿವೆ. ಅಲ್ಲಿ ಸಾಧಾರಣ ಮನೆಗೆ ಸೈಜುಗಲ್ಲಿನ ಪಾಯ ಧಾರಾಳವಾಗಿ ಸಾಕು.

ಆದರೆ ಮೈಸೂರು ಕೆರೆಗಳ ಊರು. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಇವೆಲ್ಲ ಕಣ್ಣಿಗೆ ಕಾಣುವ ಕೆರೆಗಳು. ಕಾಣದೇ ಹೋದವೂ ಇವೆ. ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನಕ್ಕೆ ಆ ಹೆಸರು ಸುಮ್ನೆ ಬಂದಿಲ್ಲ. ಪೂರ್ಣಯ್ಯ ನಾಲೆಯ ಹಳೆಯ ಜಾಡು ಎಷ್ಟೋ ಕಡೆ ಮಳೆನೀರಿನ ಚರಂಡಿಯಾಗಿ ಉಳಿದಿದೆ. ಕೆರೆಯ ಅಂಗಳ, ರಾಜಕಾಲುವೆಯ ಅಂಚು, ಕಲ್ಲು ಕ್ವಾರಿ ಮುಚ್ಚಿ ಮಾಡಿದ ಜಾಗ, ಇಂಥ ಕಡೆ ಬಂದ ಸೈಟುಗಳಲ್ಲಿ ಮೇಲೆ ನಾಲ್ಕಡಿ ತುಂಬಿದ ಮಣ್ಣು, ಅದರ ಕೆಳಗೆ ಕಪ್ಪು ಹೂಳು ಇರಬಹುದು. ಒಂದೇ ಲೇಔಟಿನ ಎತ್ತರದ ಅಡ್ಡರಸ್ತೆಯಲ್ಲಿ ಗರಸು, ತಗ್ಗಿನ ಅಡ್ಡರಸ್ತೆಯಲ್ಲಿ ಹೂಳು ಅಂದರೆ ಆಶ್ಚರ್ಯ ಇಲ್ಲ. ಪಕ್ಕದ ಮನೆಯವರು ಐದಡಿ ಪಾಯ ಹಾಕಿದ್ದಾರೆ ಅನ್ನುವುದು ನಿಮ್ಮ ಸೈಟಿನ ವರದಿ ಆಗುವುದಿಲ್ಲ. ಹಳೆಯ ಕಂದಾಯ ನಕ್ಷೆ ನೋಡಿ, ಆ ಬೀದಿಯ ಹಿರಿಯರನ್ನು ಕೇಳಿ. ಈ ಎರಡಕ್ಕೂ ದುಡ್ಡು ಹೆಚ್ಚು ಬೇಕಿಲ್ಲ.

ನಮ್ಮದು ಮಂಡ್ಯ ಕಡೆ, ಗದ್ದೆ ಬಯಲಲ್ಲಿ ಕಟ್ಟಿದ ಮನೆ. ಬೇರೆ ಏನು ನೋಡಬೇಕು?

ನಾಲೆ ನೋಡಬೇಕು. ಕೆಆರ್‌ಎಸ್ ಕಟ್ಟಿದ ಮೇಲೆ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಭತ್ತ, ಕಬ್ಬು ಬೆಳೆಯುವ ಬಯಲು ಆಯಿತು. ತಲೆಮಾರುಗಟ್ಟಲೆ ನೀರು ನಿಲ್ಲಿಸಿ, ಉತ್ತು, ಕೆಸರು ಮಾಡಿದ ಗದ್ದೆಯ ಮೇಲ್ಮಣ್ಣು ಮೆತ್ತಗಿರುತ್ತದೆ, ಕೊಳೆತ ಬೇರು, ಕೂಳೆ ಸೇರಿರುತ್ತದೆ. ಅದರ ಮೇಲೆ ನೇರವಾಗಿ ಪಾಯ ಇಡುವ ಹಾಗಿಲ್ಲ. ಅದನ್ನು ಪೂರ್ತಿ ತೆಗೆದು, ಕೆಳಗಿನ ಮುಟ್ಟದ ಮಣ್ಣಿಗೆ ಹೋಗಬೇಕು.

ಎರಡನೆಯದು ನೆಲದ ನೀರಿನ ಮಟ್ಟ. ನಾಲೆಗೆ ನೀರು ಬಿಟ್ಟಾಗ ಸುತ್ತಲಿನ ಬಾವಿಗಳಲ್ಲಿ ನೀರು ಏರುವುದನ್ನು ನೀವೇ ನೋಡಿರುತ್ತೀರಿ. ಅದೇ ನೀರು ನಿಮ್ಮ ಪಾಯದ ಕೆಳಗೂ ಏರುತ್ತದೆ. ಮರಳು ಮಿಶ್ರ ಮಣ್ಣಿನಲ್ಲಿ ನೀರು ಪಾಯದ ತಳ ಮುಟ್ಟಿದರೆ ಭಾರ ಹೊರುವ ಶಕ್ತಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಬಹುದು. ಆದ್ದರಿಂದ ನಾಲೆ ಬತ್ತಿದ ಬೇಸಿಗೆಯಲ್ಲಿ ಗುಂಡಿ ತೋಡಿ, ಗಟ್ಟಿಯಾಗಿದೆ, ಒಣಗಿದೆ ಅಂತ ತೀರ್ಮಾನ ಮಾಡಬೇಡಿ. ವರದಿಯಲ್ಲಿ ನೀರಿನ ಮಟ್ಟವನ್ನು ಅತಿ ಮೇಲೆ ಬಂದಾಗ ಎಷ್ಟು ಅಂತ ಹಿಡಿದು ಲೆಕ್ಕ ಮಾಡಲು ಹೇಳಿ.

ಮೇಲೊಂದು ಮಹಡಿ ಹಾಕಬಹುದಾ? ಅಪ್ಪನ ಕಾಲದಲ್ಲೇ "ಎರಡು ಫ್ಲೋರಿಗೆ ಪಾಯ ಹಾಕಿದೆ" ಅಂದಿದ್ದರು.

ಅಪ್ಪನ ಮಾತು ನಿಜವೇ ಇರಬಹುದು. ಆದರೂ ತೂಕ ಹಾಕಿ ನೋಡೋಣ. ಗೋಡೆಯೇ ಭಾರ ಹೊರುವ ಹಳೆಯ ಮನೆ ಅಂತ ಇಟ್ಟುಕೊಳ್ಳಿ, ಒಂದು ಮೀಟರ್ ಉದ್ದದ ಹೊರಗೋಡೆ ತೆಗೆದುಕೊಳ್ಳೋಣ.

9 ಇಂಚು ದಪ್ಪ, 3 ಮೀಟರ್ ಎತ್ತರದ ಇಟ್ಟಿಗೆ ಗೋಡೆ ಮೀಟರಿಗೆ ಸುಮಾರು 1.4 ಟನ್. ಮೇಲಿನ ಸ್ಲ್ಯಾಬ್ 5 ಇಂಚಿನದು, ಅದರ ಸ್ವಂತ ತೂಕ, ಮೇಲಿನ ಗಾರೆ, ಟೈಲ್ಸ್, ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ 600 ಕೆಜಿ ಹಿಡಿಯೋಣ. 4 ಮೀಟರ್ ಅಗಲದ ಕೋಣೆಯಲ್ಲಿ ಅರ್ಧ ಭಾರ ಈ ಗೋಡೆಗೆ ಬರುತ್ತದೆ: 2 ಮೀಟರ್ ಪಾಲು, 1.2 ಟನ್. ಗೋಡೆ ಮತ್ತು ಸ್ಲ್ಯಾಬ್ ಸೇರಿ 2.6 ಟನ್. ಕೆಳಗಿನ ಕಲ್ಲಿನ ಪಾಯ ಮತ್ತು ಪ್ಲಿಂತ್ (ಹೊರಗಿನ ನೆಲಮಟ್ಟದಿಂದ ಮನೆಯ ನೆಲದವರೆಗಿನ ಕಟ್ಟು) ತಾವೇ ಸುಮಾರು 2 ಟನ್ ತೂಗುತ್ತವೆ. ಒಟ್ಟು 4.6 ಟನ್. ತಳದ ಬೆಡ್ ಎರಡೂವರೆ ಅಡಿ ಅಗಲ, ಅಂದರೆ 0.75 ಮೀಟರ್ ಇದ್ದರೆ ಮಣ್ಣಿನ ಮೇಲೆ ಚದರ ಮೀಟರಿಗೆ 6 ಟನ್ ಚಿಲ್ಲರೆ ಒತ್ತಡ.

ಇನ್ನೊಂದು ಮಹಡಿ ಹಾಕಿದರೆ ಮತ್ತೆ 2.6 ಟನ್. ಒಟ್ಟು 7.2, ಒತ್ತಡ 9.6 ಟನ್. ಚದರ ಮೀಟರಿಗೆ 20 ಟನ್ ಹೊರುವ ಗಟ್ಟಿ ಗರಸು ಇದ್ದರೆ ಇದು ಏನೂ ಅಲ್ಲ. ಮೆತ್ತನೆ ಜೇಡಿಗೆ ಸಾಧಾರಣವಾಗಿ ಹಿಡಿಯುವ ಶಕ್ತಿ 10 ಟನ್ ಆಸುಪಾಸು. ಅಲ್ಲಿ ಅಂಚಿಗೆ ಬಂದು ನಿಂತ ಹಾಗಾಯಿತು. ಎರಡೂ ಕಡೆ ಕೋಣೆ ಇರುವ ನಡುಗೋಡೆಗೆ ಎರಡೂ ಕಡೆಯ ಸ್ಲ್ಯಾಬಿನ ಪಾಲು ಬರುತ್ತದೆ. ಹೊರಗೋಡೆ ತಡೆದುಕೊಂಡರೂ ನಡುಗೋಡೆ ಇಳಿಯುವುದು ಹೀಗೆ. ಇನ್ನು 1000 ಲೀಟರಿನ ನೀರಿನ ಟ್ಯಾಂಕ್ ಒಂದು ಟನ್. ಅದನ್ನು ಮೂಲೆಯ ಒಂದೇ ಜಾಗಕ್ಕೆ ಇಡುವ ಮುಂಚೆ ಯಾವ ಗೋಡೆಯ ಮೇಲೆ ಬರುತ್ತದೆ ಅಂತ ಯೋಚಿಸಿ.

ಮಣ್ಣು ಒಪ್ಪಿದರೆ ಸಾಲದು. ಹಳೆಯ ಗೋಡೆಯ ಇಟ್ಟಿಗೆ, ಗಾರೆ ಕೂಡ ಒಪ್ಪಬೇಕು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆ, ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಚಾವಣಿ) ಇರುವ ಮನೆ ಇವುಗಳ ಮೇಲೆ ಕಾಂಕ್ರೀಟ್ ಮಹಡಿ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಬೇಕೇ ಬೇಕು ಅಂದರೆ ಹೊಸ ಕಾಲಂ, ಹೊಸ ಫೂಟಿಂಗ್ ಹಾಕಿ ಮೇಲಿನ ಭಾರ ಹಳೆಯ ಗೋಡೆ ಮುಟ್ಟದಂತೆ ಇಳಿಸಬೇಕು. ಹಗುರವಾದ ಉಕ್ಕಿನ ಚೌಕಟ್ಟು, ಶೀಟ್ ಚಾವಣಿಯ ಒಂದು ಕೋಣೆ ಸಾಕಾಗುತ್ತದಾ ಅಂತಲೂ ಮನೆಯಲ್ಲಿ ಕೂತು ಮಾತಾಡಿ.

ಹಳೆ ಪಾಯ ಎಷ್ಟು ಆಳ ಇದೆ, ಹೇಗಿದೆ ಅಂತ ನೋಡೋದು ಹೇಗೆ?

ತೋಡಿಯೇ ನೋಡಬೇಕು. ಬೇರೆ ದಾರಿ ಇಲ್ಲ. ಹೊರಗೋಡೆಗೆ ತಾಗಿದ ಹಾಗೆ ಮೂರಡಿ ಉದ್ದ, ಎರಡೂವರೆ ಅಡಿ ಅಗಲದ ಗುಂಡಿ. ಒಳ್ಳೆಯ ಮೂಲೆಯಲ್ಲಿ ಒಂದು, ಬಿರುಕು ಬಂದ ಕಡೆ ಒಂದು. ಎರಡನ್ನೂ ಹೋಲಿಸಿದಾಗಲೇ ವಿಷಯ ತಿಳಿಯುವುದು. ಜೆಸಿಬಿ ಬೇಡ, ಗುದ್ದಲಿ ಹಾರೆ ಸಾಕು. ಪಾಯದ ತಳ ಕಂಡ ಕೂಡಲೇ ನಿಲ್ಲಿಸಿ, ತಳದ ಕೆಳಗಿನ ಮಣ್ಣು ಕೆದಕಬೇಡಿ. ಅಂದೇ ನೋಡಿ, ಅಳೆದು, ಫೋಟೋ ತೆಗೆದು ಮುಚ್ಚಿ. ರಾತ್ರಿ ಮಳೆ ಬಂದು ಗುಂಡಿ ತುಂಬಿದರೆ ಇಲ್ಲದ ತೊಂದರೆ ತಂದುಕೊಂಡ ಹಾಗೆ.

ಅಗ್ರಹಾರ, ಲಕ್ಷ್ಮೀಪುರಂ, ಚಾಮರಾಜಪುರಂ ಕಡೆಯ ಹಳೆಯ ಮನೆಗಳಲ್ಲಿ ತೋಡಿದಾಗ ಕಾಣುವುದು ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲ ಗೇಣು ಕಪ್ಪಗಿನ ಮಣ್ಣು, ಹೆಂಚಿನ ಚೂರು, ಇದ್ದಿಲು. ಆಮೇಲೆ ಕೆಂಪು ಮಣ್ಣು ಶುರು. ಪಾಯದ ಕಲ್ಲುಗಳು ಒರಟಾಗಿರುತ್ತವೆ, ಸಂದಿನಲ್ಲಿ ಸುಣ್ಣದ ಗಾರೆ ಅಥವಾ ಬರೀ ಮಣ್ಣು. ಹಾರೆಯ ತುದಿಯಿಂದ ಸಂದು ಕೆದಕಿ ನೋಡಿ. ಸುಣ್ಣವಾದರೆ ಬಿಳಿ ಪುಡಿ ಕಷ್ಟಪಟ್ಟು ಉದುರುತ್ತದೆ, ಮಣ್ಣಾದರೆ ಬೆರಳಿಗೇ ಬರುತ್ತದೆ. ಬಿರುಕು ಬಂದ ಮೂಲೆಯ ಗುಂಡಿಯಲ್ಲಿ ಆ ಸಂದುಗಳು ಖಾಲಿ ಇದ್ದು, ಕಲ್ಲಿನ ನಡುವೆ ಬೆರಳು ತೂರುವ ಹಾಗಿದ್ದರೆ ನೀರು ಅಲ್ಲಿ ಬಹಳ ಕಾಲದಿಂದ ಹರಿದು ಗಾರೆ ಕೊಚ್ಚಿಕೊಂಡು ಹೋಗಿದೆ. ಪಾಯದ ಅಡಿಯಿಂದಲ್ಲ, ಗುಂಡಿಯ ತಳದಿಂದ ಒಂದು ಹಿಡಿ ಮಣ್ಣು ತೆಗೆದು ಹಿಂಡಿ. ಒಳ್ಳೆಯ ಮೂಲೆಯಲ್ಲಿ ಉದುರಾಗಿ, ಇಲ್ಲಿ ಕೈಗೆ ಅಂಟಿಕೊಂಡರೆ ಉತ್ತರ ಸಿಕ್ಕಿತು.

ಆಳ ಎಷ್ಟಿರಬೇಕು ಅಂತ ಕೇಳಿದರೆ, ಅದೇ 1986ರ ಮಾನಕದ ಪ್ರಕಾರ ನೆಲಮಟ್ಟದಿಂದ ಕನಿಷ್ಠ 500 ಮಿ.ಮೀ. ನಮ್ಮ ಕಡೆ ರೂಢಿಯಲ್ಲಿ ಅದಕ್ಕಿಂತ ಜಾಸ್ತಿಯೇ ಹೋಗುತ್ತಾರೆ, ಒಳ್ಳೆಯದೇ.

ಸಾಯಿಲ್ ಟೆಸ್ಟ್ ಅಂದರೆ ಏನು ಮಾಡುತ್ತಾರೆ? ವರದಿಯಲ್ಲಿ ಏನು ನೋಡಬೇಕು?

ಸಣ್ಣ ರಂಧ್ರ ಕೊರೆದು, ಆಳಕ್ಕೆ ಹೋಗುತ್ತಾ ಮಣ್ಣಿನ ಗಟ್ಟಿತನ ಅಳೆಯುತ್ತಾರೆ. 63.5 ಕೆಜಿ ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬಿಟ್ಟು, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಏಟು ಬೇಕಾಯಿತು ಅಂತ ಎಣಿಸುತ್ತಾರೆ. ವರದಿಯಲ್ಲಿ ಅದೇ "ಎನ್ ವ್ಯಾಲ್ಯೂ". ನಾಲ್ಕೈದು ಇದ್ದರೆ ಮೆತ್ತಗಿದೆ, ಮೂವತ್ತು ದಾಟಿದರೆ ಗಟ್ಟಿ. ತೆಗೆದ ಮಣ್ಣನ್ನು ಲ್ಯಾಬಿನಲ್ಲಿ ಜರಡಿ ಹಿಡಿದು, ಜೇಡಿ ಎಷ್ಟು, ಉಬ್ಬುವ ಗುಣ ಎಷ್ಟು ನೋಡುತ್ತಾರೆ.

ಕೆಲವರು ಗುಂಡಿಯಲ್ಲಿ ಕಬ್ಬಿಣದ ತಟ್ಟೆ ಇಟ್ಟು ಭಾರ ಹೇರುವ ಪ್ಲೇಟ್ ಲೋಡ್ ಪರೀಕ್ಷೆ ಮಾತ್ರ ಮಾಡುತ್ತಾರೆ. ತಟ್ಟೆ ಚಿಕ್ಕದು. ಭಾರದ ಪ್ರಭಾವ ತಟ್ಟೆಯ ಅಗಲದ ಎರಡು ಪಟ್ಟು ಆಳದವರೆಗೆ ಮಾತ್ರ ಇಳಿಯುತ್ತದೆ. ಒಂದಡಿ ತಟ್ಟೆಗೆ ಎರಡಡಿ ಆಳ. ನಿಮ್ಮ ಐದಡಿ ಫೂಟಿಂಗಿನ ಪ್ರಭಾವ ಹತ್ತಡಿ ಇಳಿಯುತ್ತದೆ. ನಡುವೆ ಹೂಳಿನ ಪದರ ಇದ್ದರೆ ತಟ್ಟೆಗೆ ಅದು ಗೊತ್ತೇ ಆಗುವುದಿಲ್ಲ.

ವರದಿ ಕೈಗೆ ಬಂದಾಗ ಕಡೆಯ ಪುಟದ ಒಂದು ಸಂಖ್ಯೆ ನೋಡಿ ಮುಚ್ಚಿಡಬೇಡಿ. ಆ ಶಕ್ತಿ ಯಾವ ಆಳಕ್ಕೆ, ಎಷ್ಟು ಅಗಲದ ಫೂಟಿಂಗಿಗೆ, ಎಷ್ಟು ಕುಸಿತ ಹಿಡಿದು ಕೊಟ್ಟಿದ್ದು, ನೀರಿನ ಮಟ್ಟ ಎಲ್ಲಿ, ಈ ನಾಲ್ಕೂ ಬರೆದಿರಬೇಕು. ನಿಮ್ಮ ವಿಳಾಸ ಮಾತ್ರ ಬದಲಾಗಿ ಉಳಿದಿದ್ದೆಲ್ಲ ಪಕ್ಕದ ಬೀದಿಯ ವರದಿಯಂತಿದ್ದರೆ ಮತ್ತೆ ಕೇಳಿ. ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲೂ ವಿಚಾರಿಸಬಹುದು. ಕೊರೆಯುವ ದಿನ ಮನೆಯವರೊಬ್ಬರು ಅಲ್ಲಿ ನಿಂತಿರಿ.

ಹಿತ್ತಲಿನಲ್ಲಿ ಒಂದು ರೂಮು ಸೇರಿಸಬೇಕು. ಹಳೆ ಗೋಡೆಗೆ ಕಚ್ಚಿಸಿ ಕಟ್ಟಬಹುದಾ?

ಬೇಡ. ಹಳೆಯ ಭಾಗ ಇಳಿಯುವಷ್ಟು ಇಳಿದು ನಿಂತಿದೆ. ಹೊಸದು ಈಗ ಇಳಿಯಲು ಶುರು ಮಾಡುತ್ತದೆ. ಎರಡನ್ನೂ ಇಟ್ಟಿಗೆಯಿಂದ ಕಚ್ಚಿಸಿದರೆ ಸೇರುವ ಕಡೆ ಮೇಲಿಂದ ಕೆಳಗೆ ಸೀಳುತ್ತದೆ. ಪಾಯದಿಂದ ತಾರಸಿವರೆಗೆ ಒಂದು ಇಂಚು ಸಂದು ಬಿಟ್ಟು, ಹೊಸ ಕೋಣೆಗೆ ತನ್ನದೇ ನಾಲ್ಕು ಗೋಡೆ ಅಥವಾ ಕಾಲಂ ಕೊಡಿ. ಸಂದಿಗೆ ಮೃದುವಾದ ಬೋರ್ಡು ತುಂಬಿ, ಹೊರಗೆ ನೀರು ಇಳಿಯದ ಸೀಲಂಟ್, ಮೇಲೆ ಶೀಟಿನ ಮುಚ್ಚಳ. ಒಳಗಡೆ ಒಂದು ಪಟ್ಟಿ ಹೊಡೆದರೆ ಸಂದು ಕಾಣುವುದೂ ಇಲ್ಲ. "ಗ್ಯಾಪ್ ಯಾಕೆ ಸಾರ್, ಕಂಬಿ ಕೊರೆದು ಸೇರಿಸಿಬಿಡೋಣ" ಅಂತ ಮೇಸ್ತ್ರಿ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಹೊಸ ಪಾಯವನ್ನು ಹಳೆಯದರ ತಳದ ಮಟ್ಟಕ್ಕೇ ಇಡುವುದು ಒಳ್ಳೆಯದು.

ಇನ್ನೊಂದು ವಿಷಯ ಹಿತ್ತಲಿಗೇ ಸೇರಿದ್ದು. ನಮ್ಮ ಹಳೆಯ ಮನೆಗಳ ಹಿತ್ತಲಲ್ಲಿ ಬಾವಿ ಇರುತ್ತಿತ್ತು, ತಿಪ್ಪೆಗುಂಡಿ ಇರುತ್ತಿತ್ತು, ಕಕ್ಕಸಿನ ಗುಂಡಿ ಇರುತ್ತಿತ್ತು. ನಲ್ಲಿ, ಒಳಚರಂಡಿ ಬಂದ ಮೇಲೆ ಇವನ್ನೆಲ್ಲ ಕೈಗೆ ಸಿಕ್ಕ ಕಸ, ಇಟ್ಟಿಗೆ ಚೂರು ಹಾಕಿ ಮುಚ್ಚಿದ್ದಾರೆ. ಮುಚ್ಚಿದವರು ಈಗ ಇಲ್ಲ. ಹೊಸ ಅಡುಗೆಮನೆ ಸರಿಯಾಗಿ ಅದರ ಮೇಲೆ ಬರುತ್ತದೆ. ಅರ್ಧ ಗೋಡೆ ಗರಸಿನ ಮೇಲೆ, ಅರ್ಧ ಮುಚ್ಚಿದ ಬಾವಿಯ ಮೇಲೆ. ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ಮನೆಯ ಅಜ್ಜಿ, ದೊಡ್ಡಪ್ಪ, ಪಕ್ಕದ ಮನೆಯವರು ಯಾರಿಗೆ ನೆನಪಿದ್ದರೂ ಕೇಳಿ. ಬಾವಿ ಸಿಕ್ಕರೆ ಅದರ ಮೇಲೆ ಗೋಡೆ ಬರದ ಹಾಗೆ ಪ್ಲಾನ್ ಸರಿಸಿ. ಆಗದಿದ್ದರೆ ಎರಡೂ ಬದಿಯ ಗಟ್ಟಿ ಮಣ್ಣಿನ ಮೇಲೆ ಕೂತು ಬಾವಿಯನ್ನು ದಾಟುವ ಕಾಂಕ್ರೀಟ್ ಬೀಮ್ ಬೇಕು. ಅದರ ಆಳ, ಕಂಬಿ ಎಂಜಿನಿಯರ್ ಲೆಕ್ಕ ಮಾಡಿ ಕೊಡಬೇಕು, ಅಂದಾಜಿನಲ್ಲಿ ಹಾಕುವುದಲ್ಲ.

ಸಂಪು ಎಲ್ಲಿ ತೋಡಬಹುದು?

ನೆನಪಿಡಲು ಸುಲಭದ ಅಳತೆ: ಪಾಯದ ತಳಕ್ಕಿಂತ ಎಷ್ಟು ಆಳ ಹೋಗುತ್ತೀರೋ ಅದರ ಎರಡು ಪಟ್ಟು ದೂರ ಇರಬೇಕು. ಪಾಯ ಮೂರೂವರೆ ಅಡಿ, ಸಂಪು ಎಂಟಡಿ ಅಂದರೆ ನಾಲ್ಕೂವರೆ ಅಡಿ ಹೆಚ್ಚು ಆಳ, ಆದ್ದರಿಂದ ಒಂಬತ್ತು ಅಡಿ ದೂರ. 30×40 ಸೈಟಿನಲ್ಲಿ ಇದು ಸಿಗುವುದು ಕಷ್ಟ ಅಂತ ನನಗೂ ಗೊತ್ತು. ಹತ್ತಿರ ತೋಡಲೇಬೇಕಾದರೆ ಆಳ ಕಡಿಮೆ ಮಾಡಿ ಉದ್ದ ಹೆಚ್ಚಿಸಿ, ಪಕ್ಕಕ್ಕೆ ಆನಿಕೆ ಕೊಟ್ಟು, ಒಂದೇ ದಿನ ಇಡೀ ಗುಂಡಿ ತೆರೆಯದೆ ತುಂಡು ತುಂಡಾಗಿ ಮಾಡಿ. ಗೋಡೆ ಕಾಂಕ್ರೀಟಿನದಾಗಿರಲಿ.

ಇರುವ ಸಂಪು ಸೋರುತ್ತಿದೆಯಾ ನೋಡುವುದು ಸುಲಭ. ರಾತ್ರಿ ತುಂಬಿಸಿ, ಒಳಗೆ ಬರುವ ಹೊರಗೆ ಹೋಗುವ ಪೈಪು ಬಂದ್ ಮಾಡಿ, ಗೆರೆ ಹಾಕಿ. ಬೆಳಗ್ಗೆ ಗೆರೆ ಕೆಳಗೆ ಹೋಗಿದ್ದರೆ ಆ ನೀರೆಲ್ಲ ನಿಮ್ಮ ಪಾಯದ ಕಡೆಗೇ ಹೋಗಿದೆ.

ಪಕ್ಕದ ಸೈಟಿನವರು ಸೆಲ್ಲಾರ್ ತೋಡುತ್ತಿದ್ದಾರೆ. ನಾವು ಏನು ಮಾಡಬೇಕು?

ಅವರು ಗುದ್ದಲಿ ಹಾಕುವ ಮುಂಚೆ ನಿಮ್ಮ ಮನೆಯ ಎಲ್ಲ ಗೋಡೆ, ನೆಲದ ಫೋಟೋ, ವಿಡಿಯೋ ತಾರೀಖಿನ ಸಮೇತ ತೆಗೆದಿಡಿ. ಈಗಾಗಲೇ ಇದ್ದ ಬಿರುಕುಗಳನ್ನೂ ಮುಚ್ಚುಮರೆ ಇಲ್ಲದೆ ತೆಗೆಯಿರಿ. ಅವರ ಎಂಜಿನಿಯರ್ ಜೊತೆ ಕೂತು ಮಣ್ಣಿಗೆ ಆನಿಕೆ ಏನು ಕೊಡುತ್ತೀರಿ ಅಂತ ಕೇಳಿ. ಕೋಪದಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ. ಕಟ್ಟೆ ಮೇಲೆ ಕೂತು ಕಾಫಿ ಕುಡಿಯುತ್ತಾ ಕೇಳಿದರೆ ಡ್ರಾಯಿಂಗೇ ತಂದು ತೋರಿಸುತ್ತಾರೆ. ನಿಮ್ಮ ಗೋಡೆಯ ಪಕ್ಕ ಉದ್ದಕ್ಕೆ ನೇರವಾಗಿ ಜೆಸಿಬಿಯಲ್ಲಿ ಕತ್ತರಿಸಿ, ಮಳೆಗಾಲಕ್ಕೆ ಹಾಗೇ ಬಿಟ್ಟರೆ ಕಾಯಬೇಡಿ. ಬರಹದಲ್ಲಿ ನಗರ ಪಾಲಿಕೆಗೆ ಅಥವಾ ಸ್ಥಳೀಯ ಸಂಸ್ಥೆಗೆ ದೂರು ಕೊಡಿ.

ಮನೆ ಪಕ್ಕದ ಮರ ಕಡಿದರೆ ಒಳ್ಳೆಯದಾ?

ಕೆಂಪು ಗರಸು ಮಣ್ಣಿನಲ್ಲಿ ಮರದಿಂದ ಪಾಯಕ್ಕೆ ಅಷ್ಟು ಭಯ ಇಲ್ಲ. ಗೋಡೆ ಸಂದಿನಲ್ಲೇ ಹುಟ್ಟಿದ ಅರಳಿ, ಆಲದ ಸಸಿಯನ್ನು ಮಾತ್ರ ಚಿಕ್ಕದಿರುವಾಗಲೇ ಬೇರು ಸಮೇತ ಕೀಳಬೇಕು. ಜೇಡಿ ಮಣ್ಣಿನಲ್ಲಿ ದೊಡ್ಡ ಮರ ನೀರು ಹೀರಿ ಮಣ್ಣು ಕುಗ್ಗಿಸುತ್ತದೆ. ಅಲ್ಲಿ ಏಕಾಏಕಿ ಕಡಿದರೆ ಮಣ್ಣು ಮತ್ತೆ ನೀರು ಕುಡಿದು ಉಬ್ಬಿ ಪಾಯ ಎತ್ತುತ್ತದೆ. ಕೊಂಬೆ ಸವರಿ ಹತೋಟಿಯಲ್ಲಿಡುವುದೇ ಮೇಲು. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯೂ ಬೇಕು.

ನಮ್ಮದು ಕಪ್ಪು ಮಣ್ಣು. ಪ್ಲಿಂತ್ ಬೀಮ್ ಹಾಕಿದರೆ ಸಾಕಲ್ವಾ?

ಸಾಲದು. ನಂಜನಗೂಡು, ತಿ. ನರಸೀಪುರ ಕಡೆ ಅಲ್ಲಲ್ಲಿ ಕಪ್ಪು ಮಣ್ಣು ಇದೆ. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಲ್ಯಾಬಿನ ಉಬ್ಬುವಿಕೆ ಸೂಚ್ಯಂಕ 50 ಶೇಕಡಾ ದಾಟಿದರೆ ಎಚ್ಚರ ಬೇಕು. ಪ್ಲಿಂತ್ ಮಟ್ಟದಲ್ಲಿ ಗೋಡೆಯ ಕೆಳಗೆ ಹಾಕುವ ಈ ಬೀಮ್ ಪಾಯ ಇಳಿಯುವುದನ್ನು ತಡೆಯುವುದಿಲ್ಲ, ವ್ಯತ್ಯಾಸವನ್ನು ಸ್ವಲ್ಪ ಹಂಚುತ್ತದೆ ಅಷ್ಟೇ.

ಪದರ ತೆಳುವಾಗಿದ್ದರೆ ಪೂರ್ತಿ ತೆಗೆದು ಕೆಳಗಿನ ಗರಸಿಗೆ ಹೋಗಿ. ದಪ್ಪ ಇದ್ದರೆ ಅಂಡರ್‌ರೀಮ್ಡ್ ಪೈಲ್. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆ ಅಂತಲೇ ಬೆಳೆಸಿದ ವಿಧಾನ ಇದು. ಸಣ್ಣ ರಂಧ್ರ ಸುಮಾರು ಮೂರೂವರೆ ಮೀಟರ್ ಕೊರೆದು, ತಳದಲ್ಲಿ ಅದರ ಎರಡೂವರೆ ಪಟ್ಟು ಅಗಲದ ಗಡ್ಡೆ ಬರುವ ಹಾಗೆ ಬಿಡಿಸಿ ಕಾಂಕ್ರೀಟ್ ತುಂಬುತ್ತಾರೆ. ಮಳೆ ಬಿಸಿಲು ಮುಟ್ಟದ ಆಳದಲ್ಲಿ ಅದು ಕಚ್ಚಿ ನಿಲ್ಲುತ್ತದೆ. ಮೇಲಿನ ಬೀಮ್ ಕೆಳಗೆ ಮಣ್ಣು ಉಬ್ಬಲು ಸಂದು ಬಿಡಬೇಕು, ಇದನ್ನು ಬಹಳ ಕಡೆ ಮರೆಯುತ್ತಾರೆ.

ಗೋಡೆ ಸರಿ ಇದೆ, ನೆಲ ಮಾತ್ರ ಕುಗ್ಗಿದೆ. ಇದೂ ಪಾಯದ ತೊಂದರೆಯಾ?

ಅಲ್ಲ. ಪ್ಲಿಂತ್ ಒಳಗೆ ತುಂಬಿದ ಮಣ್ಣಿನದು. ಎರಡು ಮೂರು ಅಡಿ ಮಣ್ಣನ್ನು ಒಂದೇ ಸಲ ಸುರಿದು, ಮೇಲೊಂದು ಕೊಡ ನೀರು ಹಾಕಿ ಟೈಲ್ಸ್ ಹಾಸಿದರೆ ಹೀಗೇ ಆಗುತ್ತದೆ. ನೆಲ ಕಿತ್ತು, ಅರ್ಧ ಅಡಿ ಅರ್ಧ ಅಡಿ ಪದರವಾಗಿ ಗರಸು ಹಾಕಿ, ನೀರು ಚಿಮುಕಿಸಿ, ಪ್ರತಿ ಪದರಕ್ಕೂ ದಿಮ್ಮಸು ಹೊಡೆಸಿ. ಬಚ್ಚಲಮನೆ ಪಕ್ಕದ ಕೋಣೆಯಾದರೆ ಮೊದಲು ಪೈಪು ಪರೀಕ್ಷಿಸಿ.

ಹಾಲ್ ದೊಡ್ಡದು ಮಾಡಲು ನಡುಗೋಡೆ ತೆಗೆಯಬಹುದಾ?

ತೆಗೆಯಬಹುದು, ಆದರೆ ಪಾಯದ ಲೆಕ್ಕ ಬದಲಾಗುತ್ತದೆ. ನಾಲ್ಕು ಮೀಟರ್ ಉದ್ದಕ್ಕೆ ಹಂಚಿಹೋಗಿದ್ದ ಸುಮಾರು 10 ಟನ್ ಭಾರ ಈಗ ಬೀಮಿನ ಎರಡು ತುದಿಗೆ ತಲಾ 5 ಟನ್ ಆಗಿ ಬಂದು ಕೂರುತ್ತದೆ. ಬೀಮ್ ಚೆನ್ನಾಗಿ ಹಾಕಿ, ಅದರ ತುದಿಯನ್ನು ಹಳೆಯ ಇಟ್ಟಿಗೆ ಮೇಲೆ ಇಟ್ಟು ಸುಮ್ಮನಾಗುವುದನ್ನು ಬಹಳ ನೋಡಿದ್ದೇನೆ. ಎರಡೂ ತುದಿಗೆ ಕಾಲಂ, ಅದರ ಕೆಳಗೆ ಫೂಟಿಂಗ್ ಬೇಕು. ಆಮೇಲೆ ಗೋಡೆ ಒಡೆಯಿರಿ.

ಕುಸಿದ ಪಾಯವನ್ನು ಕೆಳಗಿನಿಂದ ಬಲಪಡಿಸಬಹುದಾ?

ಬಹುದು. ಅಂಡರ್‌ಪಿನ್ನಿಂಗ್ ಅನ್ನುತ್ತಾರೆ. ಹಳೆಯ ಪಾಯದ ಕೆಳಗೆ ಮೂರು ನಾಲ್ಕು ಅಡಿ ಉದ್ದದ ತುಂಡುಗಳಾಗಿ ತೋಡಿ, ಗಟ್ಟಿ ಮಣ್ಣು ಸಿಗುವವರೆಗೆ ಇಳಿದು ಕಾಂಕ್ರೀಟ್ ತುಂಬುವುದು. ಪಕ್ಕಪಕ್ಕದ ತುಂಡುಗಳನ್ನು ಒಟ್ಟಿಗೆ ತೆರೆಯಬಾರದು. ಮೊದಲು 1, 4, 7, ಅವು ಗಟ್ಟಿಯಾದ ಮೇಲೆ 2, 5, 8, ಕಡೆಗೆ 3, 6, 9. ಕಾಂಕ್ರೀಟ್ ಒಣಗುವಾಗ ಸ್ವಲ್ಪ ಕುಗ್ಗುವುದರಿಂದ ಮೇಲೆ ಎರಡು ಮೂರು ಇಂಚು ಬಿಟ್ಟು, ಆಮೇಲೆ ಗಟ್ಟಿ ಕಲಸಿದ ಗಾರೆಯನ್ನು ಬಡಿದು ತುಂಬಬೇಕು. ಇದನ್ನು ಬಿಟ್ಟರೆ ಹಳೆಯ ಪಾಯ ಹೊಸದರ ಮೇಲೆ ಕೂರುವುದೇ ಇಲ್ಲ, ಖರ್ಚೆಲ್ಲ ವ್ಯರ್ಥ.

ಖರ್ಚಿನ ಕೆಲಸ, ಅಪಾಯದ ಕೆಲಸ. ಅದಕ್ಕೇ ಮೊದಲು ನೀರಿನ ಕಡೆ ನೋಡಿ ಅನ್ನುವುದು. ತಾರಸಿ ಪೈಪು ಚರಂಡಿಗೆ ತಿರುಗಿಸಿ, ಒಡೆದ ಪೈಪು ಬದಲಿಸಿ, ಮನೆ ಸುತ್ತ ಹೊರಕ್ಕೆ ವಾಟ ಇರುವ ಮೂರಡಿ ಕಾಂಕ್ರೀಟ್ ಪಟ್ಟಿ ಹಾಕಿ ಒಂದು ಮಳೆಗಾಲ ಕಾದರೆ ಎಷ್ಟೋ ಮನೆಗಳಲ್ಲಿ ಬಿರುಕು ಅಲ್ಲಿಗೇ ನಿಲ್ಲುತ್ತದೆ.

ಇದೆಲ್ಲ ಯಾವಾಗ ಮಾಡಿಸೋದು?

ಆಷಾಢದಲ್ಲಿ ಹೇಗೂ ಯಾರೂ ಕೆಲಸ ಶುರು ಮಾಡುವುದಿಲ್ಲ. ಆ ತಿಂಗಳು ಗುಂಡಿ ನೋಡುವುದು, ಮಣ್ಣು ಪರೀಕ್ಷೆ, ಡ್ರಾಯಿಂಗ್ ಮುಗಿಸಿಕೊಳ್ಳಿ. ಮೈಸೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು, ಪಾಯ ತೆರೆಯುವ ಕೆಲಸ ಆಗ ಬೇಡ. ದೀಪಾವಳಿ ಕಳೆದು ಭೂಮಿ ಆರಿದ ಮೇಲೆ ಶುರು ಮಾಡಿದರೆ ಮುಂದಿನ ಮೇ ಮಳೆಗೆ ಮುಂಚೆ ಮುಗಿಯುತ್ತದೆ. ಗುದ್ದಲಿ ಪೂಜೆಗೆ ದಿನ ನಿಕ್ಕಿ ಮಾಡಿ ಆಮೇಲೆ ಎಂಜಿನಿಯರನ್ನು ಹುಡುಕುವವರೇ ಜಾಸ್ತಿ.

ನಮ್ಮ ಮೇಸ್ತ್ರಿ ಮೂವತ್ತು ವರ್ಷದ ಅನುಭವಸ್ಥರು. ಎಂಜಿನಿಯರ್ ಬೇಕೇ ಬೇಕಾ?

ಬಿರುಕು ಮುಚ್ಚಲು, ನೆಲ ಸರಿ ಮಾಡಲು, ನೀರಿಗೆ ದಾರಿ ಮಾಡಲು ಒಳ್ಳೆಯ ಮೇಸ್ತ್ರಿ ಸಾಕು. ಮಹಡಿ ಸೇರಿಸುವುದು, ಗೋಡೆ ತೆಗೆಯುವುದು, ಪಾಯದ ಕೆಳಗೆ ಕೈ ಹಾಕುವುದು ಈ ಮೂರಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಡ್ರಾಯಿಂಗ್ ಬೇಕು. ಅದರಲ್ಲಿ ಪಾಯದ ಆಳ, ಅಗಲ, ಕಂಬಿಯ ದಪ್ಪ ಮತ್ತು ಅಂತರ, ಮಣ್ಣಿನ ಹೊರುವ ಶಕ್ತಿ ಎಷ್ಟು ಹಿಡಿದಿದ್ದಾರೆ ಎಲ್ಲ ಬರೆದಿರಲಿ. ಫೂಟಿಂಗ್ ಕಂಬಿಗೆ ಕೆಳಗೆ 50 ಮಿ.ಮೀ. ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟ್, ಬೇಕು. ಕಂಬಿಯನ್ನು ಬೆಡ್ ಮೇಲೆ ಹಾಗೇ ಮಲಗಿಸಿ ಕಾಂಕ್ರೀಟ್ ಸುರಿಯಲು ಬಿಡಬೇಡಿ, ಕವರ್ ಬ್ಲಾಕ್ ಇಟ್ಟಿದ್ದಾರಾ ಅಂತ ಇಳಿದು ನೋಡಿ.

ಕೊನೆಗೆ ಬಿರುಕು ಮುಚ್ಚಿ ಬಣ್ಣ ಹೊಡೆಯೋದು ಯಾವಾಗ?

ಗಾಜಿನ ಪಟ್ಟಿ ಒಂದು ಬೇಸಿಗೆ, ಒಂದು ಮಳೆಗಾಲ ಒಡೆಯದೆ ಉಳಿದ ಮೇಲೆ. ಒಂದು ಮಿ.ಮೀ.ಗಿಂತ ಸಣ್ಣ ಬಿರುಕಿಗೆ ತುಂಬಿ ಬಳಿದರೆ ಸಾಕು. ಐದು ಮಿ.ಮೀ. ದಾಟಿದ್ದರೆ ಒಡೆದ ಇಟ್ಟಿಗೆ ತೆಗೆದು ಹೊಸದು ಕೂರಿಸಬೇಕು, ಅಥವಾ ಅಡ್ಡ ಸಂದುಗಳಲ್ಲಿ ತುಕ್ಕು ಹಿಡಿಯದ ಸ್ಟೀಲ್ ಸರಳು ಹಾಕಿ ಹೊಲಿಯಬೇಕು. ಗಾರೆ ಮಾಡುವ ಮುಂಚೆ ಬಿರುಕಿನ ಮೇಲೆ ಜಾಲರಿ ಬಡಿಯಿರಿ. ಬಣ್ಣದವರು ಅವಸರ ಮಾಡಿದರೆ ಉಳಿದ ಕೋಣೆಗಳನ್ನು ಮುಗಿಸಿಕೊಳ್ಳಲಿ, ಆ ಒಂದು ಗೋಡೆ ಮುಂದಿನ ವರ್ಷಕ್ಕೆ ಇರಲಿ.